ಜರಿ ತಂತಿಯ ಚಕ್ರಗಳು

ಗಂಗಾವತಿಯ ಗ್ಯಾರೇಜು ಸಾಲಿನಲ್ಲಿ ಲಾರಿ, ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಷೀನುಗಳಿಗೆ ಬಣ್ಣ ಹೊಡೆಯುವ ಫಾರೂಕನಿಗೆ ಸಣ್ಣ ಕಾರುಗಳ ಹುಚ್ಚು ಹತ್ತಿದ್ದು ಹಂಪಿಯೆದುರಿನ ನಡುಗಡ್ಡೆ ವಿರೂಪಾಪುರಗಡ್ಡೆಯಲ್ಲಿ. ಅಲ್ಲಿ ಇನ್ನೂ ಗೆಸ್ಟ್‌ಹೌಸುಗಳಿದ್ದ ಕಾಲ. ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಮೊಪೆಡ್ಡುಗಳಿಗೆ ಮಳೆಗಾಲ ಮುಗಿದ ಮೇಲೆ ಬಣ್ಣ ಬಳಿದು ಹೊಸದರಂತೆ ಮಾಡಿಕೊಡುವುದು ಅವನ ಕೆಲಸವಾಗಿತ್ತು. ಹಾಗೆ ಹೋದಾಗೊಮ್ಮೆ ವಿದೇಶಿ ಮುದುಕನೊಬ್ಬ ಜಗಲಿಯಲ್ಲಿ ಕೂತು, ಚಿಮಟದಲ್ಲಿ ಪ್ಲಾಸ್ಟಿಕ್ ಚೂರುಗಳನ್ನು ಹಿಡಿದು ಒಂದಕ್ಕೊಂದು ಅಂಟಿಸುತ್ತಿದ್ದ. ಫಾರೂಕ ಚಹಾದ ಲೋಟ ಹಿಡಿದು ನಿಂತವನು ಕುಡಿಯುವುದನ್ನೇ ಮರೆತ. ಅವನ ಕಣ್ಣೆದುರೇ ಅಂಗೈಯಷ್ಟುದ್ದದ ರೇಸ್ ಕಾರೊಂದು ರೂಪಕ್ಕೆ ಬಂತು. ಉದ್ದ ಮೂತಿ, ಚಾವಣಿಯೇ ಇಲ್ಲದ ಮೈ, ಚಾಲಕನ ತಲೆ ಗಾಳಿಗೆ ಬಿಟ್ಟದ್ದು. ಊರಿಗೆ ಹೊರಡುವಾಗ ಮುದುಕ ಅಂಥದೇ ಕಾರಿನ ಬಿಡಿಭಾಗಗಳಿದ್ದ, ಇನ್ನೂ ಒಡೆಯದ ಒಂದು ಡಬ್ಬಿಯನ್ನು ಇವನ ಕೈಗಿಟ್ಟು, ಬೆನ್ನು ತಟ್ಟಿ ಹೋದ.

ಆ ಡಬ್ಬಿಯ ಕಾರನ್ನು ಫಾರೂಕ ಮನೆಯಲ್ಲಿ ಕದ್ದು ಕಟ್ಟಿದ. ನಲವತ್ತು ದಾಟಿದ ಗಂಡಸು ಮಕ್ಕಳ ಸಾಮಾನು ಹಿಡಿದು ಕೂತಿದ್ದಾನೆಂದು ಯಾರಾದರೂ ನಕ್ಕಾರೆಂಬ ಅಂಜಿಕೆ. ಬಾಗಿಲ ಸಪ್ಪಳವಾದರೆ ಎಲ್ಲವನ್ನೂ ಮಂಚದ ಕೆಳಗೆ ತಳ್ಳುತ್ತಿದ್ದ. ತಾಯಿ ನೂರಜಾನಬಿ ಒಂದು ಸಲ ನೋಡಿಯೂ ಬಿಟ್ಟಳು.

"ಏನೋ ಬೇಟಾ, ಮಕ್ಕಳು ದೊಡ್ಡವರಾಗಿ ಲಗ್ನಾ ಆಗಿ ಹೋದ್ರು, ಈಗ ನೀ ಸಣ್ಣವ ಆಗಾಕ ಹತ್ತಿಯೇನು?" ಎಂದು ನಕ್ಕಳು. ಫಾರೂಕನ ಕಿವಿ ಕೆಂಪಾದವು.

ಹೆಂಡತಿ ಶಬೀನಾ ಮಾತ್ರ ನಗಲಿಲ್ಲ. ಅವಳು ಪಡಸಾಲೆಯಲ್ಲಿ ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು, ಮದುವೆಯ ಬ್ಲೌಜುಗಳ ಮೇಲೆ ಜರಿ, ಮಣಿಗಳ ಆರಿ ಕೆಲಸ ಮಾಡುವವಳು. ಕಾರನ್ನು ಎತ್ತಿ, ತಿರುಗಿಸಿ ನೋಡಿ, "ಬಣ್ಣ ಛಲೋ ಕುಂತೈತಿ," ಎಂದು ಇಟ್ಟಳು. ಬಣ್ಣ ಅವನ ಕಸುಬು. ಅದು ಚೆನ್ನಾಗಿ ಕೂರಲೇಬೇಕಿತ್ತು.

ಕೊಪ್ಪಳದ ಚಿತ್ರಕಲಾ ಮಾಸ್ತರ ಯಂಕೇಶನ ಪರಿಚಯವಾದದ್ದು ಫೋನಿನಲ್ಲಿ. ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ ಕಡೆಯ ಇಂಥ ಹುಚ್ಚಿನವರನ್ನೆಲ್ಲ ಹುಡುಕಿ ಅವನೊಂದು ವಾಟ್ಸಾಪ್ ಬಳಗ ಮಾಡಿದ್ದ. ಅಲ್ಲಿ ಯಾರೂ ನಗುತ್ತಿರಲಿಲ್ಲ. ಫಾರೂಕ ಹಾಕಿದ ಮೊದಲ ಚಿತ್ರಕ್ಕೇ ಹೊಗಳಿಕೆ ಬಂತು. ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ದುಡಿದರೂ ಯಾರೂ ಅವನ ಕೆಲಸವನ್ನು ಹಾಗೆ ದಿಟ್ಟಿಸಿ ನೋಡಿರಲಿಲ್ಲ. ಅಂಥ ಡಬ್ಬಿಗಳನ್ನು, ಅಂದರೆ ಕಿಟ್ಟುಗಳನ್ನು, ತರಿಸುವ ದಾರಿ ತಿಳಿಯಿತು. ಹಳೆಯ ಕಾಲದಲ್ಲಿ ಇಟಲಿಯ ರೇಸ್ ಕಾರುಗಳಿಗೆ ಕೆಂಪು, ಫ್ರಾನ್ಸಿನವಕ್ಕೆ ನೀಲಿ, ಇಂಗ್ಲೆಂಡಿನವಕ್ಕೆ ಹಸಿರು ಎಂಬುದೂ ತಿಳಿಯಿತು.

ಅದೇ ಹೊತ್ತಿಗೆ ಅವನ ಬಲಗೈ ನಡುಗತೊಡಗಿತು.

ಮೊದಮೊದಲು ಲಾರಿಯ ಹಿಂಬದಿಗೆ ಅಕ್ಷರ ಬರೆಯುವಾಗ ಗೆರೆ ಅದುರಿತು. ಆಮೇಲೆ ಚಹಾದ ಬಸಿಯಲ್ಲಿ ಕಪ್ಪು ಸಪ್ಪಳ ಮಾಡತೊಡಗಿತು. ಸ್ಪ್ರೇ ಗನ್ನು ಹಿಡಿದು ಅಗಲವಾಗಿ ಬಣ್ಣ ಹೊಡೆಯುವುದಕ್ಕೆ ತೊಂದರೆ ಇರಲಿಲ್ಲ, ಆದರೆ ಸಣ್ಣ ಕೆಲಸಕ್ಕೆ ಕೈ ಒಲ್ಲೆ ಎಂದಿತು. ಫಾರೂಕ ಯಾರಿಗೂ ಹೇಳಲಿಲ್ಲ. ಬಣ್ಣಗಾರನ ಕೈ ನಡುಗುತ್ತದೆಂದು ಗ್ಯಾರೇಜು ಸಾಲಿನಲ್ಲಿ ಗೊತ್ತಾದರೆ ಗಿರಾಕಿ ಮಾತ್ರವಲ್ಲ, ಮರ್ಯಾದೆಯೂ ಹೋಯಿತೆಂದು ಅವನ ಲೆಕ್ಕ. ಅಕ್ಷರದ ಬದಲು ಸ್ಟಿಕ್ಕರು ಅಂಟಿಸಲು ಶುರು ಮಾಡಿ, "ಈಗ ಇದೇ ಫ್ಯಾಷನ್ರಿ" ಎಂದ. ತಾಯಿಯೆದುರು ಬಲಗೈಯನ್ನು ತೊಡೆಯ ಕೆಳಗಿಟ್ಟು ಕೂರುವುದನ್ನು ಕಲಿತ.

ಶಬೀನಾಳಿಂದ ಮುಚ್ಚಿಡಲಾಗಲಿಲ್ಲ. ಹೊಸ ಕಿಟ್ಟಿನ ಚಕ್ರಕ್ಕೆ ಪ್ಲಾಸ್ಟಿಕ್ ಕಡ್ಡಿಗಳ ಬದಲು ನಿಜವಾದ ತಂತಿ ಕಟ್ಟಬೇಕೆಂದು ಅವನಿಗೆ ಆಸೆ. ಒಂದು ಕಡ್ಡಿಯನ್ನೂ ಕೂರಿಸಲಾಗದೆ, ಚಕ್ರವನ್ನು ಗೋಡೆಗೆ ಎಸೆದ. ಅವಳು ಎದ್ದು ಹೋಗಿ ಅದನ್ನು ಹುಡುಕಿ ತಂದಳು. ತನ್ನ ಡಬ್ಬಿಯಿಂದ ಕೂದಲೆಳೆಯಂಥ ಬೆಳ್ಳಿ ಬಣ್ಣದ ಜರಿ ತಂತಿ ತೆಗೆದು, ಕೊಕ್ಕೆ ಮೂತಿಯ ಆರಿ ಸೂಜಿಯಿಂದ ಚಕ್ರದ ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಎಳೆಯುತ್ತ ಹೋದಳು. ಮುಗಿದಾಗ ಚಕ್ರ ಬಿಸಿಲಿಗೆ ಮಿಂಚಿತು.

"ಇಷ್ಟೇ ಹೌದಲ್ಲರಿ?" ಎಂದಳು.

ಫಾರೂಕನಿಗೆ ಖುಷಿಯಾಯಿತು. ಅಂದು ಚಿತ್ರ ತೆಗೆದು ಬಳಗಕ್ಕೆ ಹಾಕಿದ. ಈ ಕಡ್ಡಿಗಳನ್ನು ಹೇಗೆ ಕಟ್ಟಿದಿರಿ ಎಂದು ಎಲ್ಲರೂ ಕೇಳಿದರು. "ಹಂಗ, ಕೂತು ಮಾಡೀನ್ರಿ," ಎಂದು ಬರೆದ.

ಆ ಒಂದು ಮಾತು ಬರೆದ ಮೇಲೆ ಹಿಂದೆ ಸರಿಯಲು ಜಾಗವೇ ಉಳಿಯಲಿಲ್ಲ. ಮುಂದಿನ ಕಾರು ಇಟಲಿಯ ಕೆಂಪಿನದು; ಅದಕ್ಕೂ ಶಬೀನಾಳೇ ಚಕ್ರ ಕಟ್ಟಿದಳು. ಬರಬರುತ್ತ ಡ್ಯಾಶ್‌ಬೋರ್ಡಿನ ಮುಳ್ಳು, ಬಾನೆಟ್ಟಿನ ಚರ್ಮದ ಪಟ್ಟಿ, ಚಾಲಕನ ಹುಬ್ಬು ಎಲ್ಲ ಅವಳ ಪಾಲಿಗೆ ಬಂದವು. ಬ್ಲೌಜಿನ ಕೆಲಸ ಮುಗಿಸಿ, ಅಡುಗೆ ಮಾಡಿಟ್ಟು, ಅತ್ತೆ ಮಲಗಿದ ಮೇಲೆ ಅವಳು ಕೂರುತ್ತಿದ್ದಳು. ಫಾರೂಕ ಮೈಗೆ ಬಣ್ಣ ಹೊಡೆಯುತ್ತಿದ್ದ; ಹೊಗಳಿಕೆಯೆಲ್ಲ ಅವನ ಫೋನಿಗೆ ಬರುತ್ತಿತ್ತು. ಅವನು ಓದಿ ಫೋನನ್ನು ಬೋರಲು ಇಡುತ್ತಿದ್ದ.

ಹುಬ್ಬಳ್ಳಿಯಲ್ಲಿ ಬಳಗದ ಪ್ರದರ್ಶನವೆಂದು ನಿಶ್ಚಯವಾದಾಗ ಯಂಕೇಶ ಮಾಸ್ತರ ಫೋನು ಮಾಡಿದ. "ಫಾರೂಕಭಾಯ್, ನಿಮ್ಮ ಕೆಂಪು ಕಾರು ತರಬೇಕ್ರಿ. ಇಲ್ಲಾಂದ್ರ ನಡೆಯಂಗಿಲ್ಲ." ಫಾರೂಕ ಆಗಲಿ ಎಂದ. ಒಬ್ಬನೇ ಹೋಗಬೇಕೆಂದಿದ್ದ. ಆದರೆ ಶಬೀನಾ, "ನಾನೂ ನೋಡ್ತೀನ್ರಿ, ಮಂದಿ ಎಂಥಾವು ಮಾಡ್ಯಾರ ಅಂತ," ಎಂದಾಗ ಬೇಡವೆನ್ನಲು ಬಾಯಿ ಬರಲಿಲ್ಲ. ಗಂಗಾವತಿಯಿಂದ ಹುಬ್ಬಳ್ಳಿಯವರೆಗೂ, ಬಸ್ಸು ಕುಲುಕಿದಾಗಲೆಲ್ಲ ಕಾರಿನ ಡಬ್ಬಿಯನ್ನು ತೊಡೆಯಿಂದ ಎತ್ತಿ ಹಿಡಿದವಳು ಅವಳೇ.

ಸಭಾಂಗಣದಲ್ಲಿ ಉದ್ದನೆಯ ಮೇಜುಗಳಿದ್ದವು. ಪ್ರತಿ ಕಾರಿನ ಮುಂದೆಯೂ ಮಾಡಿದವರ ಹೆಸರಿನ ಚೀಟಿ. ಶಬೀನಾ ಮೇಜಿನಿಂದ ಮೇಜಿಗೆ ನಡೆದು ಎಲ್ಲವನ್ನೂ ನೋಡಿದಳು. ಕೆಂಪು ಕಾರಿನ ಮುಂದೆ ಬಂದು ನಿಂತಳು. ಚೀಟಿಯಲ್ಲಿ 'ಫಾರೂಕ ಇಬ್ರಾಹಿಂಸಾಬ, ಗಂಗಾವತಿ' ಎಂದಿತ್ತು. ಅವಳು ಓದಿದ್ದನ್ನು ಫಾರೂಕ ಕಂಡ. ಅವಳು ಸೆರಗು ಸರಿ ಮಾಡಿಕೊಂಡು ಹಿಂದಿನ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತಳು.

ಮಧ್ಯಾಹ್ನದ ಊಟವಾದ ಮೇಲೆ ಯಂಕೇಶ ಎದ್ದು ನಿಂತು, "ಈಗ ಫಾರೂಕಭಾಯ್ ನಮಗ ತಂತಿ ಚಕ್ರಾ ಹೆಂಗ ಕಟ್ಟೋದು ಅಂತ ತೋರಸ್ತಾರ," ಎಂದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಫಾರೂಕನನ್ನು ಮುಂದೆ ಕರೆದು ಕೂರಿಸಿದರು. ಒಂದು ಖಾಲಿ ಚಕ್ರ, ತಂತಿ, ಸೂಜಿ ಕೊಟ್ಟರು. ಹಿಂದೆ ಕೂತವರಿಗೂ ಕಾಣಲೆಂದು ಮೇಲೊಂದು ಕ್ಯಾಮೆರಾ ಇಟ್ಟು, ಗೋಡೆಯ ಪರದೆಯ ಮೇಲೆ ಅವನ ಕೈ ತೋರಿಸಿದರು.

ಪರದೆಯ ಮೇಲೆ ಅವನ ಕೈ ಬಾಗಿಲಿನಷ್ಟು ದೊಡ್ಡದಾಗಿತ್ತು, ನಡುಗುತ್ತಿತ್ತು. ತಂತಿ ತೂತಿನ ಸುತ್ತ ಕುಣಿಯಿತೇ ಹೊರತು ಒಳಗೆ ಹೋಗಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡ. ಆಗ ಎರಡೂ ನಡುಗಿದವು. ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು. ಫಾರೂಕ ತಲೆಯೆತ್ತದೆ ಬೆವರಿದ. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಹಿಂದಿನಿಂದ ಶಬೀನಾ ಎದ್ದು ಬಂದಳು. ಈಗ ಇವಳು ಸೂಜಿ ಕಿತ್ತುಕೊಂಡು ಕೂರುತ್ತಾಳೆ, ಎಲ್ಲ ಬಯಲಾಗುತ್ತದೆ ಎಂದುಕೊಂಡ. ಅವಳು ಅವನ ಕೈಯಿಂದ ತಂತಿ ತೆಗೆದು ಮೇಜಿನ ಮೇಲಿಟ್ಟಳು.

"ತಪ್ಪು ತಿಳೀಬ್ಯಾಡ್ರಿ," ಎಂದಳು, ಸಭೆಗೆ. "ನಿನ್ನೆಯಿಂದ ಇವರಿಗೆ ಜ್ವರ ಬಂದಾವ್ರಿ. ನಾ ಬ್ಯಾಡ ಅಂದ್ರೂ ಮಾಸ್ತರಿಗೆ ಮಾತು ಕೊಟ್ಟೀನಿ ಅಂತ ಬಂದಾರ."

ಎಲ್ಲರೂ ಅಯ್ಯೋ ಎಂದರು. ಒಬ್ಬರು ಚಹಾ ತಂದರು, ಇನ್ನೊಬ್ಬರು ಮಾತ್ರೆ ಕೊಟ್ಟರು. ಜ್ವರವಿಲ್ಲದ ಫಾರೂಕ ಮಾತ್ರೆಯನ್ನು ಎಲ್ಲರೆದುರು ನುಂಗಿದ. ಸಂಜೆ ಕೆಂಪು ಕಾರಿಗೆ ಮೊದಲ ಬಹುಮಾನವೆಂದು ಕೂಗಿದರು. ಹೋಗಿ ಶೀಲ್ಡು ತೆಗೆದುಕೊಂಡ. ಆ ಹೊತ್ತಿನಲ್ಲಾದರೂ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ತಿರುಗಿ ಬರುವಾಗ ಬಸ್ಸು ಗದಗ ದಾಟಿದ ಮೇಲೆ, "ನೀ ಯಾಕ ಸುಳ್ಳು ಹೇಳಿದಿ?" ಎಂದು ಕೇಳಿದ.

"ಮತ್ತ ಏನು ಹೇಳಬೇಕಾಗಿತ್ತರಿ? ನಿಮ್ಮ ಕೈ ಅಷ್ಟು ಮಂದಿ ಮುಂದ ಹಂಗ ಆಡೋದು ನನಗ ನೋಡಾಕ ಆಗಲಿಲ್ಲ." ಕಾರಿನ ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು ಹೇಳಿದಳು: "ಬ್ಲೌಜಿನ ಮ್ಯಾಲೆ ನನ್ನ ಹೆಸರು ಯಾರೂ ಹಾಕಂಗಿಲ್ಲ. ಅದು ರೂಢಿ ಆಗೈತಿ. ಆದ್ರ ಅಲ್ಲಿ ಎಲ್ಲಾದಕ್ಕೂ ಚೀಟಿ ಇದ್ವಲ್ಲ, ಅದಕ್ಕ ಒಂದೀಟು ಅನಿಸ್ತು."

ಫಾರೂಕ ಶೀಲ್ಡನ್ನು ಚೀಲದೊಳಗೆ ತುರುಕಿದ.

ಮಾರನೆಯ ದಿನ ನೂರಜಾನಬಿ ಶೀಲ್ಡನ್ನು ಓಣಿಯವರಿಗೆಲ್ಲ ತೋರಿಸಿದಳು. ಅಂದು ನಕ್ಕಿದ್ದನ್ನು ಪೂರ್ತಿ ಮರೆತಿದ್ದಳು. ಪಕ್ಕದ ಮನೆಯ ಹುಲಿಗವ್ವ ಬಂದು, ಕಾರಿನ ಚಕ್ರ ಮುಟ್ಟಿ ನೋಡಿ, "ನೂರಜಾನಕ್ಕಾ, ಇದು ಜರಿ ಇದ್ದಂಗ ಐತಲ್ಲ! ನಿಮ್ಮ ಸೊಸಿ ಕೈ ಹಚ್ಚ್ಯಾಳೇನು?" ಎಂದಳು.

"ಅಕಿಗೇನು ತಿಳೀತೈತಿ ಇದು?" ಎಂದಳು ತಾಯಿ. "ಅಕಿ ಸೂಜಿ-ದಾರದಾಕಿ. ಇದು ನನ್ನ ಮಗನ ಕೈಗುಣ."

ಶಬೀನಾ ಚಹಾದ ಲೋಟಗಳನ್ನು ಇಟ್ಟು ಒಳಗೆ ಹೋದಳು. ಫಾರೂಕ ಅಲ್ಲೇ ಇದ್ದ, ತೊಡೆಯ ಕೆಳಗೆ ಕೈಯಿಟ್ಟುಕೊಂಡು. ಸಭೆಯಲ್ಲಿ ಬೆವರಿದ್ದು ಇದರ ಮುಂದೆ ಏನೂ ಅಲ್ಲವೆನ್ನಿಸಿತು. ಅಲ್ಲಿ ಕೈ ನಡುಗಿತ್ತು; ಇಲ್ಲಿ ಬಾಯಿ ಸೆಟೆದಿತ್ತು.

ಗ್ಯಾರೇಜಿಗೆ ಹೋದವನು ಒಂದು ಮೂಲೆಯಲ್ಲಿ ನಿಂತು ಬಳಗಕ್ಕೆ ಧ್ವನಿ ಸಂದೇಶ ಕಳಿಸಿದ. ಚಕ್ರಗಳನ್ನು ಕಟ್ಟಿದವಳು ತನ್ನ ಹೆಂಡತಿ ಶಬೀನಾ, ಸಣ್ಣ ಕೆಲಸವೆಲ್ಲ ಅವಳದು, ತಾನು ಇಷ್ಟು ದಿನ ಸುಳ್ಳು ಹೇಳಿದೆ ಎಂದ. ಫೋನು ಹಿಡಿದು ಕಾದ. ಬಯ್ಯಲಿ, ಬಳಗದಿಂದ ತೆಗೆಯಲಿ, ಎಲ್ಲಕ್ಕೂ ತಯಾರಾಗಿದ್ದ.

ಬಂದದ್ದು ಚಪ್ಪಾಳೆ, ಹೂಗುಚ್ಛದ ಚಿತ್ರಗಳು. 'ಹೆಂಡತಿಗೆ ಹೀಗೆ ಗೌರವ ಕೊಡೋ ಮನುಷ್ಯ ಅಪರೂಪ' ಎಂದು ಒಬ್ಬರು. 'ಎಷ್ಟು ದೊಡ್ಡ ಗುಣ ಸಾಹೇಬರದು' ಎಂದು ಇನ್ನೊಬ್ಬರು. ಕೆಲಸ ಅವನದೇ, ಮನೆಯಾಕೆಯ ಬೆಂಬಲವನ್ನು ಹೀಗೆ ಮೆರೆಸುತ್ತಿದ್ದಾನೆಂದು ಎಲ್ಲರೂ ತಿಳಿದಿದ್ದರು. ಹೊಗಳಿಕೆ ಮೊದಲಿಗಿಂತ ಹೆಚ್ಚಾಯಿತು. ಫಾರೂಕನಿಗೆ ಫೋನನ್ನು ಥಿನ್ನರಿನ ಡಬ್ಬಿಯಲ್ಲಿ ಮುಳುಗಿಸಬೇಕೆನ್ನಿಸಿತು.

ಯಂಕೇಶನಿಗೆ ಫೋನು ಮಾಡಿದ. "ಮಾಸ್ತರ, ನಾ ದೊಡ್ಡ ಮನಸ್ಸಿನಿಂದ ಹೇಳಿಲ್ರಿ. ಖರೇ ಹೇಳೀನಿ."

"ಇರಲಿ ಬಿಡ್ರಿ ಫಾರೂಕಭಾಯ್, ನಿಮ್ಮ ಸ್ವಭಾವ ನಮಗ ಗೊತ್ತಿಲ್ಲೇನು," ಎಂದು ಅವನು ನಕ್ಕ.

"ಹಂಗಾರ ನೀವು ಮನಿಗೆ ಬರ್ರಿ. ಕಣ್ಣಿಲೆ ನೋಡ್ರಿ."

ಶುಕ್ರವಾರ ಗ್ಯಾರೇಜಿಗೆ ರಜೆ. ಯಂಕೇಶ ಬಂದ. ನೂರಜಾನಬಿ ಮಂಡಕ್ಕಿಯ ಗಿರ್ಮಿಟ್ ಮಾಡಿಸಿದಳು. ತಿಂದಾದ ಮೇಲೆ ಫಾರೂಕ ಒಂದು ಚಕ್ರ, ತಂತಿ, ಸೂಜಿ ತಂದು ಚೌಕಟ್ಟಿನ ಬಳಿ ಕೂತಿದ್ದ ಶಬೀನಾಳ ಮುಂದಿಟ್ಟ. "ಮಾಸ್ತರಿಗೆ ಒಂದು ಕಟ್ಟಿ ತೋರಸು."

ಶಬೀನಾ ಹೊಲಿಗೆ ನಿಲ್ಲಿಸಲಿಲ್ಲ. "ನಾ ಯಾಕ ತೋರಸಲಿ?"

"ಅವ್ರಿಗೆ ನಂಬಿಕಿ ಬರವಲ್ದು."

"ಸುಳ್ಳು ಹೇಳಿದವ್ರು ನೀವು. ಪರೀಕ್ಷಾ ನಾ ಕೊಡಬೇಕೇನ್ರಿ?" ಧ್ವನಿ ಏರಲಿಲ್ಲ. ಆದರೆ ಮದುವೆಯಾದಂದಿನಿಂದ ತಾಯಿಯೆದುರು, ಪರರೆದುರು ಅವಳು ಹಾಗೆ ಮಾತಾಡಿದ್ದೇ ಇರಲಿಲ್ಲ.

ನೂರಜಾನಬಿ, "ಏನು ಸುಳ್ಳು? ಏನು ನಡದೈತಿ?" ಎಂದಳು.

ಫಾರೂಕ ಚಾಪೆಯ ಮೇಲೆ ಕೂತು, ಚಕ್ರವನ್ನು ತಾನೇ ಎತ್ತಿಕೊಂಡ. ತಂತಿ ಹಿಡಿದ ಬಲಗೈಯನ್ನು ಮುಚ್ಚಿಡದೆ, ಕಿಟಕಿಯ ಬೆಳಕಿಗೆ ಚಾಚಿದ. ಕೈ ತನ್ನಿಷ್ಟದಂತೆ ಅದುರಿತು. ತಡೆಯಲು ಹೋಗಲಿಲ್ಲ.

"ನೋಡ್ರಿ ಮಾಸ್ತರ. ಅವತ್ತು ಜ್ವರ ಇರಲಿಲ್ಲ. ನೀನೂ ನೋಡಮ್ಮಾ. ಮೂರು ವರ್ಷದಿಂದ ಹಿಂಗ ಐತಿ. ಈ ಕೈಲೆ ಒಂದು ಕಡ್ಡಿನೂ ಕಟ್ಟಾಕ ಬರಂಗಿಲ್ಲ. ಆ ಕಾರು ಗೆದ್ದಿದ್ದು ಅಕಿ ಕೈಯಿಂದ. ನಾ ಬಾಯಿ ಮುಚಗೊಂಡು ತಗೊಂಡು ಬಂದೀನಿ."

ನೂರಜಾನಬಿ ಶೀಲ್ಡು, ಹೆಸರು ಎಲ್ಲ ಬಿಟ್ಟು ಆ ಕೈಯನ್ನೇ ತನ್ನೆರಡು ಕೈಗಳಲ್ಲಿ ಹಿಡಿದಳು. "ಅಯ್ಯೋ ಬೇಟಾ, ನನಗ್ಯಾಕ ಹೇಳಲಿಲ್ಲೋ," ಎಂದು ಅಳತೊಡಗಿದಳು. ತಾಯಿ ಅತ್ತದ್ದಕ್ಕಿಂತ, ಅವಳ ಕಣ್ಣು ಅಳುತ್ತಲೇ ಸೊಸೆಯ ಕಡೆ ಹೊರಳಿ ಕೆಳಗಾದದ್ದು ಫಾರೂಕನಿಗೆ ಹೆಚ್ಚು ತಾಗಿತು. ತನ್ನ ನಾಚಿಕೆಯಲ್ಲಿ ಮುದುಕಿಗೂ ಪಾಲು ಕೊಟ್ಟಂತಾಗಿತ್ತು.

ಹೊರಡುವಾಗ ಯಂಕೇಶ ಬಾಗಿಲಲ್ಲಿ ನಿಂತು, "ತಪ್ಪಾತ್ರಿ ಅಕ್ಕಾರ," ಎಂದ. ಶಬೀನಾ ತಲೆಯಾಡಿಸಿದಳು. ಆ ವಾರವೇ ಅವನು ಬಳಗದಲ್ಲಿ ಬಹುಮಾನವನ್ನು ಅವಳ ಹೆಸರಿಗೆ ತಿದ್ದಿ ಹಾಕಿದ. ಕೆಲವರು ಹೂಗುಚ್ಛ ಕಳಿಸಿದರು. ಇಬ್ಬರು ಮೂವರು ಫಾರೂಕನ ಜೊತೆ ಮಾತು ಬಿಟ್ಟರು. ಮಾತು ಬಿಟ್ಟವರ ಮೇಲೆ ಅವನಿಗೆ ಹೆಚ್ಚು ಗೌರವ ಹುಟ್ಟಿತು.

ಕೊಪ್ಪಳದ ಡಾಕ್ಟರು ನರದ ದೋಷವೆಂದು ಗುಳಿಗೆ ಬರೆದುಕೊಟ್ಟಿದ್ದಾರೆ; ನಡುಕ ಅರ್ಧಕ್ಕರ್ಧ ತಗ್ಗಿದೆ. ಗ್ಯಾರೇಜು ಸಾಲಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಅವನು ಹೆದರಿದಂತೆ ಯಾರೂ ಗಾಡಿ ತರುವುದನ್ನು ಬಿಡಲಿಲ್ಲ. ಕಾರುಗಳನ್ನು ನೋಡಿದವರಿಗೆ "ಇದು ನಮ್ಮ ಮನಿಯಾಕಿ ಕೆಲಸ" ಎಂದು ಫಾರೂಕ ಈಗ ತಾನಾಗಿಯೇ ಹೇಳುತ್ತಾನೆ. ಹೇಳಿದಾಗ ಅವರು ಅವನನ್ನು ಮೆಚ್ಚಿ ನೋಡಿದರೆ, ಆ ಮೆಚ್ಚುಗೆಯ ರುಚಿ ನಾಲಿಗೆಗೆ ಹತ್ತುವುದು ಅವನಿಗೇ ತಿಳಿಯುತ್ತದೆ. ಆಗ ಮುಖ ತಗ್ಗಿಸಿ ಬೇರೆ ಮಾತು ತೆಗೆಯುತ್ತಾನೆ.

ಬಹಳ ದಿನ ಅವನು ಹೊಸ ಡಬ್ಬಿ ಒಡೆಯಲಿಲ್ಲ, ಅವಳನ್ನು ಕೇಳಲೂ ಇಲ್ಲ. ಮದುವೆಯ ಹಂಗಾಮು ಮುಗಿದ ಮೇಲೆ ಶಬೀನಾಳೇ ಒಂದು ಮಧ್ಯಾಹ್ನ ಮಂಚದ ಕೆಳಗಿನಿಂದ ಒಂದನ್ನು ಎಳೆದು, ಮುಚ್ಚಳದ ಚಿತ್ರ ನೋಡಿ, "ಇದು ಹಸರ ಬಣ್ಣದ್ದಲ್ಲರಿ? ಮೈ ನೀವು ಹೊಡೀರಿ. ಚಕ್ರಾ ಕಟ್ಟೋದು ಬಿಡೋದು ನಾ ಆಮ್ಯಾಲೆ ನೋಡ್ತೀನಿ," ಎಂದಳು. ಫಾರೂಕ ಹ್ಞೂಂ ಎಂದು, ಬಣ್ಣ ಕಲಸಲು ಅಂಗಳಕ್ಕೆ ಹೋದ.