ಕಾಕು ಕೇಳಿದ ಎರಡು ದಿನ

ಮೊನ್ನೆ ಶನಿವಾರ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಹಿಂದೆ ಹೊಸದಾಗಿ ತೆರೆದ ಒಂದು ಬೇಕರಿ. ಯಾರೋ ಬಾಗಿಲು ತಳ್ಳಿಕೊಂಡು ಹೊರಗೆ ಬಂದರು, ಅವರ ಬೆನ್ನ ಹಿಂದೆಯೇ ಬಿಸಿ ಬೆಣ್ಣೆ ಮತ್ತು ಏಲಕ್ಕಿಯ ಘಮ ಬಂತು. ಇಣುಕಿ ನೋಡಿದರೆ ಗಂಟು ಹಾಕಿದಂಥ ಬನ್ನುಗಳು, ಮೇಲೆ ತರಿತರಿಯಾಗಿ ಕುಟ್ಟಿದ ಏಲಕ್ಕಿ. ಡೆನ್ಮಾರ್ಕ್, ಸ್ವೀಡನ್ ಕಡೆಯ ತಿಂಡಿ ಅಂತ ಚೀಟಿ ಹಚ್ಚಿದ್ದರು. ಲಂಡನ್ನಿಗೆ ಅದು ಹೊಸದಿರಬಹುದು, ನನಗಲ್ಲ. ನನ್ನ ಬಸ್ಸು ಬಂದು ಹೋಯಿತು. ನಾನು ಕಾಕುವನ್ನು ನೆನೆಯುತ್ತಾ ಅಲ್ಲೇ ನಿಂತಿದ್ದೆ.

ಕಾಕು ನನಗೆ ಸಂಬಂಧದವರಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನಿಂದ ಬಂದು ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಸರಕು ಸಾಗಣೆ ಕಂಪನಿಯೊಂದರ ಕಂಪ್ಯೂಟರ್ ವಿಭಾಗ ಸೇರಿದಾಗ, ಲಂಡನ್ನಿನ ಅಂಚಿನ ಹ್ಯಾರೋದಲ್ಲಿ ಅವರ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಧಾರವಾಡದ ದಂಪತಿ. ಮಕ್ಕಳಿರಲಿಲ್ಲ. ಯಜಮಾನರು ಮನೆಯಿಂದ ಹತ್ತು ನಿಮಿಷದ ದಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಮೊದಲ ದಿನ ನಾನು ಬಾಯಿ ತುಂಬಾ ‘ಆಂಟಿ’ ಅಂದೆ. “ಆಂಟಿ ಗೀಂಟಿ ಆ ಕಡೆ ಇಡು. ಕಾಕು ಅನ್ನು,” ಅಂದರು. ನಾವು ಚಿಕ್ಕಮ್ಮ ಅನ್ನುವ ಕಡೆ ಅವರು ಕಾಕು ಅನ್ನುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್ ಏರಿಸಿಕೊಂಡು, ಕಸದ ಡಬ್ಬಿ ಒಯ್ಯಲಿಲ್ಲ ಅಂತ ಕೌನ್ಸಿಲ್‌ನವರನ್ನು ಫೋನಿನಲ್ಲಿ ಅರ್ಧ ಗಂಟೆ ತರಾಟೆಗೆ ತೆಗೆದುಕೊಂಡು, ಕೊನೆಗೆ ಅವರ ಮನೆಮಂದಿಯ ಕ್ಷೇಮ ವಿಚಾರಿಸಿ ಇಡುತ್ತಿದ್ದ ಹೆಂಗಸು. ನನಗೆ ಈ ದೇಶದಲ್ಲಿ ಸಿಕ್ಕ ಮೊದಲ ಮನುಷ್ಯರು ಅವರೇ.

ಅವರಿಗೆ ಜೀವನದಲ್ಲಿ ಒಂದೇ ಒಂದು ಸಿಟ್ಟಿತ್ತು, ಅದು ಕ್ರಿಸ್‌ಮಸ್ ಮೇಲೆ. ಇಲ್ಲಿನ ನಮ್ಮ ಡಾಕ್ಟರುಗಳಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಡಿಸೆಂಬರ್ ಬಂದರೆ ಇಂಗ್ಲಿಷಿನವರು ಮನೆಗೆ ಹೋಗಬೇಕು, ನಮಗೇನು, ನಮ್ಮ ಹಬ್ಬವಲ್ಲವಲ್ಲ ಅಂತ ಹಿಂದೂ ಡಾಕ್ಟರುಗಳು ತಾವಾಗಿಯೇ ಡ್ಯೂಟಿಗೆ ಹೆಸರು ಕೊಡುತ್ತಿದ್ದರು. ಬದಲಿಗೆ ದೀಪಾವಳಿಗೆ ರಜೆ ಅನ್ನುವ ಮಾತು. ಆ ದೀಪಾವಳಿಯ ರಜೆಯೂ ನಮ್ಮ ಮನೆಯ ಡಾಕ್ಟರರಿಗೆ ದಕ್ಕಿದ್ದು ಅಷ್ಟಕ್ಕಷ್ಟೇ. ಇಪ್ಪತ್ತೆರಡು ವರ್ಷ ಅವರು ಒಂದೇ ಒಂದು ಕ್ರಿಸ್‌ಮಸ್ ಬಿಡದೆ ವಾರ್ಡಿನಲ್ಲಿದ್ದರು. ಊರಿಗೆ ಊರೇ ಬಾಗಿಲು ಹಾಕಿಕೊಂಡು, ಟ್ಯೂಬ್ ರೈಲು, ಬಸ್ಸು ಎಲ್ಲ ನಿಂತಿರುವ ಆ ದಿನ, ಕಾಕು ಒಬ್ಬರೇ ಟೀವಿಯ ಮುಂದೆ... ಜಗಳ ಆಡೋಣವೆಂದರೆ ಕೌನ್ಸಿಲ್ ಆಫೀಸು ಕೂಡ ಮುಚ್ಚಿರುತ್ತಿತ್ತು.

ನಾನು ಬಂದ ಎರಡನೇ ವರ್ಷ ಕಾಕು ಹಟ ಹಿಡಿದರು. ಡಿಸೆಂಬರ್ ಇಪ್ಪತ್ತನಾಲ್ಕು ಮತ್ತು ಇಪ್ಪತ್ತೈದು, ಎರಡು ದಿನ ಗಂಡ ಪೂರ್ತಿ ತನಗೆ ಬೇಕು. ಮನೆಯಲ್ಲಿದ್ದರೆ ಆಸ್ಪತ್ರೆಯವರು ಒಂದು ಫೋನ್ ಮಾಡಿದರೂ ಓಡುತ್ತಾರೆ, ಹಾಗಾಗಿ ಸಮುದ್ರ ದಾಟಿಸಬೇಕು ಅನ್ನುವುದು ಅವರ ಲೆಕ್ಕಾಚಾರ. ಸಮುದ್ರದ ಆಚೆ ಕೈಗೆಟುಕುವ ಟಿಕೆಟ್ಟು ಸಿಕ್ಕಿದ್ದು ಕೋಪನ್‌ಹೇಗನ್‌ಗೆ. ಆ ಊರಿನ ಬಗ್ಗೆ ಮೂವರಿಗೂ ಏನೂ ಗೊತ್ತಿರಲಿಲ್ಲ. ನನ್ನನ್ನೂ ಎಳೆದುಕೊಂಡು ಹೊರಟರು. ಹೆಸರಿಗೆ, ಒಬ್ಬಳೇ ಮನೆಯಲ್ಲಿ ಏನು ಮಾಡುತ್ತೀ ಎಂಬ ಕರುಣೆ. ನಿಜವಾದ ಕೆಲಸ ಬೇರೆಯಿತ್ತು.

“ಇವರು ಫೋನಿನ ಹಂತ್ಯಾಕ ಹೋಗದಂಗ ನೋಡ್ಕೋಬೇಕು ನೀ,” ಅಂದರು. “ವಾರ್ಡಿಗೆ ಫೋನ್ ಮಾಡಂಗಿಲ್ಲ ಅಂತ ಮಾತು ಕೊಟ್ಟಾರ. ಆದ್ರ ನನಗ ನಂಬಿಕಿ ಇಲ್ಲ.”

ಇಪ್ಪತ್ತಮೂರರ ಸಂಜೆ ಹೋಗಿ ಇಳಿದೆವು. ಮರುದಿನ ಬೆಳಿಗ್ಗೆ ಬೇಕರಿಯೊಂದರಲ್ಲಿ ಇದೇ ಏಲಕ್ಕಿ ಬನ್ನು. ಕಾಕು ಒಂದು ತುಂಡು ಬಾಯಿಗಿಟ್ಟು, “ಅಯ್ಯ, ಈ ಥಂಡಿ ದೇಶಕ್ಕ ನಮ್ಮ ಯಾಲಕ್ಕಿ ಯಾರು ತಂದ್ರು?” ಅಂತ ಅಂಗಡಿಯವಳನ್ನು ಕನ್ನಡದಲ್ಲೇ ಕೇಳಿದರು. ಅವಳು ನಕ್ಕು ಇನ್ನೊಂದು ಕೊಟ್ಟಳು. ಡಾಕ್ಟರು ಅವತ್ತು ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ಇದ್ದರು. ಕಾಲುವೆಯ ದಂಡೆಯಲ್ಲಿ ಹೆಂಡತಿಯ ಕೈ ಹಿಡಿದು ನಡೆದರು. ಹಿಮದಲ್ಲಿ ಜಾರೀತು ಅಂತ ನೆಪ ಹೇಳಿದರು, ಹಿಮವೇ ಬಿದ್ದಿರಲಿಲ್ಲ.

ನಾವು ಮಾಡಿದ ದೊಡ್ಡ ತಪ್ಪು ಮಧ್ಯಾಹ್ನ ಗೊತ್ತಾಯಿತು. ಹಬ್ಬವೆಂದರೆ ಬೀದಿ ತುಂಬಾ ಜನ, ಅಂಗಡಿ ತುಂಬಾ ದೀಪ, ಸಂಜೆಯಾದಂತೆ ಇನ್ನೂ ಗದ್ದಲ ಅಂದುಕೊಂಡು ಹೋದವರು ನಾವು. ಅಲ್ಲಿ ನೋಡಿದರೆ ಎರಡು ಗಂಟೆಗೆ ಅಂಗಡಿಗಳು ಬಾಗಿಲು ಎಳೆಯತೊಡಗಿದವು. ನಾಲ್ಕಕ್ಕೆ ಕತ್ತಲೆ, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಆ ಊರಿನವರಿಗೆ ಹಬ್ಬವೆಂದರೆ ಮನೆಯ ಒಳಗೆ. ಕಿಟಕಿಗಳಲ್ಲಿ ಮೇಣದ ಬತ್ತಿ ಮಾತ್ರ. ಹೋಟೆಲಿನ ಕೋಣೆಯಲ್ಲಿ ಕಾಕು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿ ತಿಂದೆವು. ರೊಟ್ಟಿ ಮುರಿಯುವ ಸದ್ದು ಇಡೀ ಹೋಟೆಲಿಗೆ ಕೇಳುವಷ್ಟು ನಿಶ್ಶಬ್ದ.

ಅದಾದ ಮೇಲೆ ಡಾಕ್ಟರು ಮೆತ್ತಗೆ ನನ್ನ ಕೋಣೆಯ ಬಾಗಿಲು ತಟ್ಟಿದರು. “ಒಂದಿಷ್ಟು ಚಿಲ್ಲರೆ ಇದ್ರ ಕೊಡವಾ. ಹೊರಗ ಹೋಗಿ ಕಾಫಿ ಕುಡದು ಬರ್ತೇನಿ.” ಯಾವ ಕಾಫಿ ಅಂತ ನನಗೆ ಗೊತ್ತಿತ್ತು. ಆದರೂ ಕೊಟ್ಟೆ. ಆ ಮುಖ ನೋಡಿ ಇಲ್ಲ ಅನ್ನಲು ಆಗಲಿಲ್ಲ. ಐದು ನಿಮಿಷಕ್ಕೆ ಕಾಕು ಬಂದರು, ನನ್ನನ್ನು ಒಂದು ಸಲ ನೋಡಿದರು. “ಊರಾಗಿನ ಅಂಗಡಿ ಎಲ್ಲಾ ಬಂದ್ ಆಗ್ಯಾವ. ಇವರಿಗೆ ಯಾರು ಕಾಫಿ ಕಾಸ್ಲಿಕ್ಕತ್ತಾರ?” ಅಂದವರೇ ಕೋಟು ಹಾಕಿಕೊಂಡರು. ನಾನು ಬಾಲ ಮುದುರಿಕೊಂಡು ಹಿಂದೆ ಹೋದೆ.

ಮೂಲೆಯ ಫೋನ್ ಬೂತಿನಲ್ಲಿ ಡಾಕ್ಟರು ನಮಗೆ ಬೆನ್ನು ಹಾಕಿ ನಿಂತಿದ್ದರು. ಕಾಕು ಗಾಜು ತಟ್ಟಲಿಲ್ಲ, ಕೂಗಲಿಲ್ಲ. ಎದುರು ಮನೆಯ ಕಿಟಕಿಯೊಳಗೆ ಅಪ್ಪ, ಅಮ್ಮ, ಅಜ್ಜಿ, ಮಕ್ಕಳು ಕೈ ಕೈ ಹಿಡಿದು ಕ್ರಿಸ್‌ಮಸ್ ಮರದ ಸುತ್ತ ಹಾಡುತ್ತಾ ತಿರುಗುತ್ತಿದ್ದರು. “ಪ್ರದಕ್ಷಿಣಿ ಹಾಕ್ಲಿಕ್ಕತ್ತಾರ ನೋಡು,” ಅಂದರು ಕಾಕು, ಸಣ್ಣ ದನಿಯಲ್ಲಿ. ಅವರ ಕಣ್ಣು ಆ ಕಿಟಕಿಯಿಂದ ಬೂತಿಗೆ, ಬೂತಿನಿಂದ ಕಿಟಕಿಗೆ ಹೋಗಿ ಬರುತ್ತಿತ್ತು. ಅವರು ಕೇಳಿದ್ದು ಎರಡೇ ದಿನ. ಅದರಲ್ಲಿ ಮೊದಲನೆಯದು ಮುಗಿಯುವ ಮೊದಲೇ ಮಾತು ಮುರಿದಿತ್ತು. ಚಿಲ್ಲರೆ ಕೊಟ್ಟ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡಾಕ್ಟರು ಹೊರಗೆ ಬಂದರು. ನಮ್ಮನ್ನು ನೋಡಿ ಬೆಚ್ಚಲಿಲ್ಲ. ಮುಖ ಇಳಿದು ಹೋಗಿತ್ತು. ಯಾರೋ ರೋಗಿ ತೀರಿಕೊಂಡಿರಬೇಕು ಅಂದುಕೊಂಡೆ.

“ಏನಂದ್ರು?” ಕೇಳಿದರು ಕಾಕು.

“ಎಲ್ಲಾ ಛಲೋ ನಡದದಂತ. ಹೊಸಾ ಡಾಕ್ಟರ್ ಬಾಳ ಶಾಣ್ಯಾ ಇದ್ದಾನಂತ. ಏನೂ ಕಾಳಜಿ ಮಾಡಬ್ಯಾಡ್ರಿ, ನೀವಿಲ್ಲದಿದ್ರೂ ನಡೀತದ ಅಂತ ಸಿಸ್ಟರ್ ನಕ್ಕಳು...”

ಇಪ್ಪತ್ತೆರಡು ವರ್ಷ ತಾನಿಲ್ಲದಿದ್ದರೆ ವಾರ್ಡು ನಿಂತೇ ಹೋಗುತ್ತದೆ ಅಂದುಕೊಂಡಿದ್ದ ಮನುಷ್ಯ ಆ ಚಳಿಯಲ್ಲಿ, ಪರೀಕ್ಷೆಯಲ್ಲಿ ಫೇಲಾದವರಂತೆ ನಿಂತಿದ್ದರು. ಈಗ ಕಾಕು ಜಾಡಿಸುತ್ತಾರೆ ಅಂತ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕೌನ್ಸಿಲ್‌ನವರನ್ನೇ ಬಿಡದ ಹೆಂಗಸು. ಅವರು ಹತ್ತಿರ ಹೋಗಿ ಗಂಡನ ಮಫ್ಲರು ಬಿಚ್ಚಿ ಮತ್ತೊಮ್ಮೆ ಬಿಗಿಯಾಗಿ ಸುತ್ತಿದರು.

“ಅವರಿಗೆ ನಿಮ್ಮನ್ನ ಬಿಟ್ಟು ನಡೀತದರೀ,” ಅಂದರು. “ನನಗ ಒಂದು ವರ್ಷನೂ ನಡೀಲಿಲ್ಲ.”

ಡಾಕ್ಟರು ಬೀದಿಯ ನಡುವೆ, ನನ್ನ ಎದುರಿಗೇ, ಕಣ್ಣೊರೆಸಿಕೊಂಡರು. ಧಾರವಾಡದ ಆ ವಯಸ್ಸಿನ ಗಂಡಸು ಹಾಗೆ ಅತ್ತದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಆಮೇಲೆ ಇಬ್ಬರೂ ಕಾಲುವೆಯ ಕಡೆ ನಡೆದರು. ನಾನು ಅವರನ್ನು ಅವರ ಪಾಡಿಗೆ ಬಿಟ್ಟು ಹೋಟೆಲಿಗೆ ಬಂದು, ಉಳಿದ ರೊಟ್ಟಿಯನ್ನೆಲ್ಲ ಖಾಲಿ ಮಾಡಿದೆ. ಇಪ್ಪತ್ತೈದರಂದು ಅವರು ಏನು ನೋಡಿದರೋ, ಎಲ್ಲಿ ಕೂತರೋ... ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ ಮೂಗು ಕೆಂಪು ಮಾಡಿಕೊಂಡು ಬಂದರು. ಕಾಕು ಆ ರಾತ್ರಿ ನನ್ನನ್ನು ಒಂದು ಮಾತೂ ಬೈಯಲಿಲ್ಲ.

ಮುಂದೆ ಡಾಕ್ಟರು ಕ್ರಿಸ್‌ಮಸ್‌ಗೆ ಹೆಸರು ಕೊಡುವುದನ್ನು ನಿಲ್ಲಿಸಿದರು, ಕೆಲ ವರ್ಷಕ್ಕೆ ನಿವೃತ್ತರೂ ಆದರು. ನಾನು ಆಫೀಸಿಗೆ ಹತ್ತಿರದ ಹೌನ್‌ಸ್ಲೋಗೆ ಮನೆ ಬದಲಿಸಿದೆ. ಭೇಟಿ ಕಡಿಮೆಯಾಯಿತು, ಫೋನು ಉಳಿಯಿತು. ಆಮೇಲೊಂದು ಡಿಸೆಂಬರಿನಲ್ಲಿ ಕಾಕುವನ್ನು ಅದೇ ಆಸ್ಪತ್ರೆಗೆ ಸೇರಿಸಿದರು. ಬಹಳ ದಿನಗಳಿಂದ ಒಳಗೇ ಇದ್ದ ಕಾಯಿಲೆ. ಇಪ್ಪತ್ತನಾಲ್ಕರ ಸಂಜೆ ಅವರೇ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು, ನಗು ಹಾಗೇ ಇತ್ತು.

“ಇವರು ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಾರ. ಈ ವರ್ಷ ಇವರ ಡ್ಯೂಟಿ ನನ್ನ ಹಂತ್ಯಾಕ. ನಾಳೆ ಬಾ ನೀ. ನೋಡಬೇಕನಸ್ಲಿಕ್ಕತ್ತದ.”

“ನಾಳೆ ನಂದು ಡ್ಯೂಟಿ ಇದೆ ಕಾಕು. ನಾಡಿದ್ದು ಬೆಳಿಗ್ಗೇನೇ ಬರ್ತೀನಿ.”

ಆಫೀಸಿನಲ್ಲಿ ಕ್ರಿಸ್‌ಮಸ್ ಡ್ಯೂಟಿಯ ಹಾಳೆ ಬಂದಾಗ ನಾನೇ ಮುಂದಾಗಿ ಹೆಸರು ಬರೆದಿದ್ದೆ. ಪ್ರತಿ ವರ್ಷವೂ ಬರೆಯುತ್ತಿದ್ದೆ. ನಮಗೇನು, ನಮ್ಮ ಹಬ್ಬವಲ್ಲವಲ್ಲ. ಕಾಕು, “ನೀನೂ ಇವರಂಗ ಆದಿ ನೋಡು,” ಅಂದು ನಕ್ಕರು. ನಾನೂ ನಕ್ಕೆ.

ಇಪ್ಪತ್ತೈದರಂದು ದಿನವಿಡೀ ಆಫೀಸಿನಲ್ಲಿ ಒಬ್ಬಳೇ ಕೂತಿದ್ದೆ. ಒಂದು ಕಂಪ್ಯೂಟರೂ ಕೆಡಲಿಲ್ಲ, ಯಾರೊಬ್ಬರೂ ಸಹಾಯ ಕೇಳಲಿಲ್ಲ. ಕಾರು ಕೆಳಗೇ ನಿಂತಿತ್ತು. ಖಾಲಿ ರಸ್ತೆಯಲ್ಲಿ ಹ್ಯಾರೋಗೆ ಅರ್ಧ ಗಂಟೆಯೂ ಬೇಕಿರಲಿಲ್ಲ. ಸಂಜೆ ಆರಕ್ಕೆ ಆ ದಿನದ ಮೊದಲ ಫೋನು ಬಂತು. ಡಾಕ್ಟರು ಮಾಡಿದ್ದರು.

ಅವರೂ ಈಗಿಲ್ಲ. ಹ್ಯಾರೋದ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಈ ದೇಶದಲ್ಲಿ ಕಾಕು ಅಂತ ಕರೆಯಲು ನನಗೆ ಇನ್ಯಾರೂ ಸಿಕ್ಕಲಿಲ್ಲ. ‘ಆ ದಿನ ನಾನಿಲ್ಲದಿದ್ದರೂ ಆಫೀಸು ನಡೆಯುತ್ತಿತ್ತು ಕಾಕು’ ಅಂತ ಒಂದು ಸಲ ಅವರೆದುರು ನಿಂತು ಹೇಳಬೇಕಿತ್ತು, ಬೈಸಿಕೊಳ್ಳಬೇಕಿತ್ತು...