ಕೆಟ್ಟುಹೋದ ಆಕಾಶ

ಭೌತಶಾಸ್ತ್ರದ ಮೇಷ್ಟರಾದವರು ಬಾಡಿಗೆ ಮನೆ ಹಿಡಿಯುವಾಗ, ತಾವು ಯಾವ ವಿಷಯದ ಪಾಠ ಹೇಳುತ್ತೇವೆಂಬುದನ್ನು ಮಾಲೀಕರಿಗೆ ಅಪ್ಪಿತಪ್ಪಿಯೂ ತಿಳಿಸಬಾರದು. ನಾನು ತಿಳಿಸಿದೆ. ಅಂದಿನಿಂದ ತಮಿಳು ಸೀಮೆಯ ಈ ಕರುಮತ್ತಂಪಟ್ಟಿಯ ಆಕಾಶದ ಸಕಲ ಲೋಪದೋಷಗಳಿಗೂ ನಾನೇ ಹೊಣೆಗಾರನಾದೆ.

ಮಾಲೀಕರಾದ ರಂಗಸಾಮಿಯವರು ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದ ನೇಕಾರರು. ಅವರ ಕನ್ನಡಕ್ಕೆ ತಮಿಳಿನ ರಾಗ. ನನ್ನ ಹಾವೇರಿಯ ಕನ್ನಡ ಕೇಳಿದರೆ ಅವರ ಮನೆಯವರಿಗೆಲ್ಲ ನಗು. ಅವರ ಆಕಾಶನೀಲಿ ಸೀರೆಗೆ ಸುತ್ತಮುತ್ತ ಒಳ್ಳೆಯ ಹೆಸರಿತ್ತು. ಆದರೆ ಈಚೆಗೆ ಅವರದೊಂದೇ ದೂರು: ನೂಲಿಗೆ ಬಣ್ಣ ಹಾಕಿಕೊಡುವ ಬಾಲ್ಯದ ಗೆಳೆಯ ಪಳನಿಸಾಮಿಯ ಕೈ ಕೆಟ್ಟಿದೆ; ಅದಕ್ಕಿಂತ ಮಿಗಿಲಾಗಿ, ಆಕಾಶವೇ ಕೆಟ್ಟಿದೆ.

ನಾನು ಕಾಲೇಜಿನ ಬಸ್ಸಿಗೆ ಓಡುವ ಹೊತ್ತಿಗೇ ತಾರಸಿಯಿಂದ ಕರೆ ಬರುತ್ತಿತ್ತು. "ಸಾರ್, ಕೊಂಜ ಮೇಲೆ ಬನ್ನಿ. ಇದಾ ನೀಲಿ? ನಾನು ಚಿಕ್ಕವನಾಗಿದ್ದಾಗ ಹಿಂಗಾ ಇತ್ತು?"

ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿವೆ, ಗಾಳಿಯ ಅಣುಗಳು ಅದರಲ್ಲಿ ನೀಲಿಯನ್ನೇ ಹೆಚ್ಚಾಗಿ ಎಲ್ಲ ದಿಕ್ಕಿಗೂ ಚದುರಿಸುತ್ತವೆ, ಆದ್ದರಿಂದ ಎತ್ತ ನೋಡಿದರೂ ನೀಲಿ ಎಂದು ನಾನು ಸಹನೆಯಿಂದ ವಿವರಿಸಿದೆ. ದೂಳು, ತೇವ ಹೆಚ್ಚಾದರೆ ಎಲ್ಲ ಬಣ್ಣವೂ ಸಮನಾಗಿ ಚದುರಿ ಆಕಾಶ ಬೆಳ್ಳಗಾಗುತ್ತದೆ ಎಂದೂ ಸೇರಿಸಿದೆ. ಎಂಥ ಅವಿವೇಕ! ಮರುದಿನವೇ ಅವರು ಪಳನಿಸಾಮಿಗೆ ಫೋನು ಮಾಡಿ, "ಕಾಲೇಜ್ ಸಾರೇ ಹೇಳ್ತಾರೆ, ಆಕಾಶ ಬೆಳ್ಳಗಾಗಿದೆ ಅಂತ. ಅದನ್ನ ನೋಡಿ ಬಣ್ಣ ಹಾಕ್ಬೇಡ, ಹಳೇ ಆಕಾಶ ನೆನಪಿಟ್ಕೊಂಡು ಹಾಕು" ಎಂದರು. ಸಂಜೆ ಬೆಳಕು ಗಾಳಿಯಲ್ಲಿ ಬಹುದೂರ ಸಾಗುವಾಗ ನೀಲಿಯೆಲ್ಲ ದಾರಿಯಲ್ಲೇ ಚದುರಿಹೋಗಿ ಕೆಂಪು ಉಳಿಯುತ್ತದೆ ಎಂದರೆ, "ಹಾಗಾದ್ರೆ ಈಗ ಹಗಲಲ್ಲೂ ಚದುರಿಹೋಗ್ತಿದೆ" ಎಂದರು. ನನ್ನ ಬಾಯಿಂದ ಬಿದ್ದ ವಿಜ್ಞಾನವೆಲ್ಲ ಆ ಬಡಪಾಯಿಯ ಮೇಲೆ ಎಸೆಯುವ ಕಲ್ಲಾಯಿತು.

ಕೊನೆಗೊಂದು ದಿನ, ನೀಲಿ ಸಾಲದೆಂದು ಪದೇ ಪದೇ ಹಿಂದಿರುಗಿದ ನೂಲಿನ ಲಡಿಯನ್ನು ಜಗಲಿಯ ಮೇಲೆ ಎಸೆದು ಪಳನಿಸಾಮಿ ಕೂಗಿದರು: "ನಿನ್ನ ಆಕಾಶಕ್ಕೆ ನೀನೇ ಬಣ್ಣ ಹಾಕ್ಕೋ ಪೋ!" ಆಮೇಲೆ ಅವರು ಈ ಬೀದಿಗೇ ಬರಲಿಲ್ಲ. ಸಂಜೆಯ ಕಾಫಿಗೆ ರಂಗಸಾಮಿಯವರು ಒಬ್ಬರೇ ಕೂರತೊಡಗಿದರು. ಮಗ್ಗದ ಸದ್ದೂ ಕಡಿಮೆಯಾಯಿತು.

ನಾನು ಛಲ ಬಿಡದೆ ಕಾದೆ. ಇರುಳೆಲ್ಲ ಮಳೆ ಸುರಿದು ಗಾಳಿ ತೊಳೆದಂತಾದ ಒಂದು ಬೆಳಿಗ್ಗೆ, ಕಣ್ಣು ಕೋರೈಸುವ ನೀಲಿಯ ಕೆಳಗೆ ರಂಗಸಾಮಿಯವರನ್ನು ತಾರಸಿಯ ಮೇಲೆ ನಿಲ್ಲಿಸಿ, "ಈಗೇನಂತೀರಿ?" ಎಂದೆ. ಅವರು ಬಹಳ ಹೊತ್ತು ನೋಡಿ, "ಹಳೇ ವೇಷ್ಟಿ ತರ ಇದೆ ಸಾರ್, ಮಾಸಿದ ಪಂಚೆ" ಎಂದರು.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬಟ್ಟೆ ಒಣಹಾಕುತ್ತಿದ್ದ ಅವರ ಹೆಂಡತಿ ಚೌಡಮ್ಮ ಮಾತ್ರ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಗಂಡನ ಮುಖ ನೋಡಿದರು. "ಆಕಾಶ ಸರಿಯಾಗೇ ಇದೆ. ನಾಳೆ ಕಣ್ಣಾಸ್ಪತ್ರೆಗೆ ಹೋಗೋಣ, ಕೆಳಗೆ ಬನ್ನಿ."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಳದಿಗಟ್ಟಿದ ಪೊರೆ ನೀಲಿಯನ್ನು ಹೆಚ್ಚಾಗಿ ಒಳಗೆ ಬಿಡುವುದಿಲ್ಲವೆಂಬುದನ್ನು ನಾನು ಎಂದೋ ಓದಿದ್ದೆ. ನನ್ನ ಪಾಠದಲ್ಲಿ ಬಿಸಿಲಿತ್ತು, ಗಾಳಿಯಿತ್ತು, ದೂಳಿತ್ತು. ನೋಡುವವರ ಕಣ್ಣೊಂದು ಬಿಟ್ಟುಹೋಗಿತ್ತು.

ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಕಟ್ಟು ಬಿಚ್ಚಿ ಮನೆಗೆ ಬಂದವರು ತಾರಸಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಆಕಾಶವನ್ನು ಅದೆಷ್ಟು ಹೊತ್ತು ನೋಡಿದರೋ. ಆಮೇಲೆ ಹೆಂಡತಿಗಾಗಿ ಕಳೆದ ವರ್ಷ ತಾವೇ ನೇಯ್ದ ಸೀರೆ ತರಿಸಿ ಬಿಸಿಲಿಗೆ ಹರಡಿದರು. ಅದು ನವಿಲಿನ ಕೊರಳೂ ನಾಚುವಂಥ ಗಾಢನೀಲಿ.

"ಅಯ್ಯೋ, ಇದನ್ನಾ ನಿನಗೆ ಉಡಿಸಿದ್ದು?"

"ಮದುವೆಮನೇಲಿ ಎಲ್ಲಾರೂ ಮಯಿಲ್ ಬಣ್ಣ ಅಂದ್ರು" ಎಂದರು ಚೌಡಮ್ಮ. "ನೀವು ಆಕಾಶ ಅಂದಿದ್ರಿ. ನಾನೂ ಆಕಾಶ ಅಂದೆ."

ರಂಗಸಾಮಿಯವರು ಫೋನು ಕೈಗೆತ್ತಿಕೊಂಡರು. ವಕ್ರೀಭವನವೋ ಚದುರಿಕೆಯೋ, ಏನಾದರೂ ಕೇಳಿಯಾರೆಂದು ನಾನು ಸಿದ್ಧನಾಗಿಯೇ ನಿಂತಿದ್ದೆ. ನನ್ನತ್ತ ಯಾರೂ ತಿರುಗಲಿಲ್ಲ. ಅದಕ್ಕೂ ನನಗೆ ತುಸು ಸಿಟ್ಟು ಬಂದಿತೆನ್ನಿ.

"ಪಳನಿ, ಆಕಾಶ ಕೆಟ್ಟಿಲ್ಲ ಡಾ" ಎಂದರು.

ಕಣ್ಣಿನ ಸುದ್ದಿ ಪಳನಿಸಾಮಿಗೆ ಆಗಲೇ ಮುಟ್ಟಿತ್ತೆಂದು ಕಾಣುತ್ತದೆ. ಅತ್ತಲಿಂದ ನಮಗೆಲ್ಲ ಕೇಳುವಷ್ಟು ಗಟ್ಟಿಯಾದ ಗದರಿಕೆ: "ಕಣ್ಣಿಗೆ ಮರುಂದು ಸರಿಯಾಗಿ ಹಾಕ್ಕೋತಾ ಇದೀಯಾ, ಇಲ್ಲ ಅದಕ್ಕೂ ನಾನೇ ಬರ್ಬೇಕಾ?"