ನಾಲ್ಕು ಸಿಲಿಂಡರಿಗೆ ಒಂದು ಆಯುಧಪೂಜೆ

ತೊಂಬತ್ತರ ದಶಕದ ಕೊನೆಯಲ್ಲಿ ಅಟ್ಲಾಂಟಾ ಪಕ್ಕದ ಅಲ್ಫರೆಟಾದಲ್ಲಿ ಕಾರಿಲ್ಲದವಳಿಗೂ ಜೈಲಿನಲ್ಲಿದ್ದವಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಜೈಲಿನಲ್ಲಿ ಮಾತಿಗಾದರೂ ಜನ ಸಿಗುತ್ತಾರೆ. ಇಲ್ಲಿ ಬಸ್ಸಿಲ್ಲ, ಆಟೋ ಇಲ್ಲ, ನಡೆದೇ ಹೋಗೋಣವೆಂದರೆ ಫುಟ್‌ಪಾತು ನಮ್ಮ ಬಡಾವಣೆಯ ಬಾಗಿಲಲ್ಲೇ ಮುಗಿದುಹೋಗುತ್ತಿತ್ತು. ನನಗೇನೋ ಕಾರು ಓಡಿಸಲು ಬರುತ್ತಿತ್ತು. ಮೈಸೂರಿನಲ್ಲಿ ಅಪ್ಪನ ಅಂಬಾಸಿಡರಿನ ಗೇರಿನ ಜೊತೆ ಗುದ್ದಾಡಿ ಕಲಿತವಳು ನಾನು. ನನ್ನ ಗಂಡ ಸ್ಟೇರಿಂಗ್ ಹಿಡಿದದ್ದೇ ಅಮೆರಿಕಕ್ಕೆ ಬಂದ ಮೇಲೆ, ಅದೂ ಆಟೋಮ್ಯಾಟಿಕ್ ಕಾರಿನದು. ಕಾರಿನಲ್ಲಿ ಎಡಗಾಲಿಗೂ ಒಂದು ಕೆಲಸವಿದೆ ಎಂಬುದು ಅವರಿಗೆ ಬರೀ ಪುಸ್ತಕದ ಬದನೆಕಾಯಿ.

ಆ ವರ್ಷ ನನಗೆ ಅಟ್ಲಾಂಟಾದ ಒಂದು ಯೂನಿವರ್ಸಿಟಿಯಲ್ಲಿ ಎಂ.ಎಸ್. ಸೀಟು ಸಿಕ್ಕಿತು. ಡಿಪೆಂಡೆಂಟ್ ವೀಸಾದಲ್ಲಿ ಬಂದು, ಇದ್ದ ಕಾರ್ಪೆಟ್ಟನ್ನೇ ಮತ್ತೆ ಮತ್ತೆ ವ್ಯಾಕ್ಯೂಮ್ ಮಾಡಿಕೊಂಡಿದ್ದವಳಿಗೆ ಅದೆಂಥ ಸುದ್ದಿ ಎಂದು ಹೇಗೆ ಹೇಳಲಿ! ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಕ್ಲಾಸು ಜನವರಿಯಲ್ಲಿ ಶುರು. ಹೋಗುವ ದಾರಿ, ಎಲ್ಲರೂ ‘ಫೋರ್ ಹಂಡ್ರೆಡ್’ ಎನ್ನುತ್ತಿದ್ದ ದೊಡ್ಡ ಹೈವೇ. ಅಷ್ಟರೊಳಗೆ ನನ್ನದೊಂದು ಕಾರು ಆಗದಿದ್ದರೆ ಸೀಟು ಕೈಬಿಟ್ಟಂತೆಯೇ.

ಗಂಡ ಕಾರು ತಂದರು, ಸುಳ್ಳು ಹೇಳಬಾರದು. ಎರಡೇ ಸೀಟಿನ, ಕೆಂಪು ಬಣ್ಣದ, ನಾಲ್ಕು ಸಿಲಿಂಡರಿನ ಪುಟ್ಟ ಸ್ಪೋರ್ಟ್ಸ್ ಕಾರು. ಅವರ ಆಫೀಸಿನಲ್ಲಿ ಯಾರೋ ಮಾರುತ್ತಿದ್ದರು. ಗೇರಿನ ಕಾರಾದ್ದರಿಂದ ಮಾರಿದವನೇ ಮನೆಯವರೆಗೆ ಓಡಿಸಿಕೊಂಡು ಬಂದು ಕೊಟ್ಟುಹೋದ. “ನಿಂಗೇ ಕಣೆ,” ಎಂದರು. ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಬೀದಿಗಳಲ್ಲಿ ಒಂದು ಸುತ್ತು ಹೊಡೆದೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಮನೆ ಮುಂದೆ ಇಳಿದವರೇ ಯಜಮಾನರು ಮುಖ ಗಂಟು ಹಾಕಿಕೊಂಡರು.

“ಪವರ್ರೇ ಇಲ್ಲ ಇದ್ರಲ್ಲಿ. ಫೋರ್ ಹಂಡ್ರೆಡ್‌ಗೆ ಮರ್ಜ್ ಆಗೋವಾಗ, ಓಡೋ ಕಾರುಗಳ ಮಧ್ಯೆ ಸೇರ್ಕೊಳ್ಳೋವಾಗ, ಹಿಂದಿಂದ ಟ್ರಕ್ ಬಂದ್ರೆ ಏನ್ ಮಾಡ್ತೀಯಾ?”

“ಆಕ್ಸಿಲರೇಟರ್ ಒತ್ತೀನಿ.”

“ಸಾಲಲ್ಲ. ಸೂಪರ್‌ಚಾರ್ಜರ್ ಹಾಕೋಣ. ನಿನ್ನ ಸೇಫ್ಟಿಗೋಸ್ಕರ.”

ಸೇಫ್ಟಿಗೋಸ್ಕರ ಬ್ರೇಕು ರಿಪೇರಿ ಮಾಡಿಸುವವರನ್ನು ಕಂಡಿದ್ದೆ, ವೇಗ ಹೆಚ್ಚಿಸುವವರನ್ನು ಅಂದೇ ಕಂಡದ್ದು. ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತ, ಎಂಜಿನ್ನಿನ ಬಾಯಿಗೆ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ತುರುಕುವ ಯಂತ್ರ. ಸಾಕು ಸಾಕು ಎಂದರೂ ಎಲೆಗೆ ಹೋಳಿಗೆ ಹಾಕುತ್ತಾರಲ್ಲ ಬೀಗರ ಮನೆಯಲ್ಲಿ, ಹಾಗೆ. ಕ್ಲಚ್ಚು ಒತ್ತಲು ಬಾರದ ಮನುಷ್ಯ ಅದನ್ನು ತಾನೇ ಕೈಯಾರೆ ಕೂರಿಸಲು ಹೊರಟರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಒಬ್ಬರೇ ಬಿಟ್ಟುಕೊಂಡರೆ ಸಾಲದೆಂದು ಗೆಳೆಯರೂ ಬಂದರು. ಎಲ್ಲರೂ ಸಾಫ್ಟ್‌ವೇರಿನವರು. ಒಬ್ಬರಂತೂ ಶನಿವಾರ ಬೆಳಗಾಗುವ ಮೊದಲೇ ನಾಲ್ಕು ಗಂಟೆ ದಾರಿಯ ಷಾರ್ಲಟ್‌ನಿಂದ ಹೊರಟು, ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿರುತ್ತಿದ್ದರು. ಒಂದು ಬೋಲ್ಟು ಬಿಚ್ಚುವ ಮೊದಲೇ ಕಿಕ್‌ಆಫ್ ಮೀಟಿಂಗ್ ಆಯಿತು, ರಿಸ್ಕ್ ಅನಾಲಿಸಿಸ್ ಆಯಿತು. ಗರಾಜಿನ ಗೋಡೆಗೆ ಪ್ರಾಜೆಕ್ಟ್ ಪ್ಲಾನ್ ಅಂಟಿಸಿದರು. ಸಂದೇಹ ಬಂದಾಗಲೆಲ್ಲ ಯಾವುದೋ ಮೇಲಿಂಗ್ ಲಿಸ್ಟಿಗೆ ಪ್ರಶ್ನೆ ಬರೆದು ಉತ್ತರಕ್ಕಾಗಿ ಮೋಡೆಮ್ಮಿನ ಮುಂದೆ ಕಾಯುವುದು. ಫೋನ್ ಲೈನು ಒಂದೇ. ಮೈಸೂರಿನಿಂದ ಅಮ್ಮ ಫೋನ್ ಮಾಡಿ ಮಾಡಿ, ಮಗಳು ಯಾರ ಜೊತೆ ಇಷ್ಟೊಂದು ಮಾತಾಡುತ್ತಾಳೋ ಎಂದು ನೊಂದುಕೊಂಡಳಂತೆ.

ಬೇಸಿಗೆ ಹೀಗೆ ಕಳೆಯಿತು. ಕಾರು ಗರಾಜಿನಲ್ಲಿ ಸ್ಟ್ಯಾಂಡುಗಳ ಮೇಲೆ ನಿಂತಿತ್ತು, ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಪ್ರಾಜೆಕ್ಟಿನಲ್ಲಿ ಹೇಳಿದ ಹೊತ್ತಿಗೆ ಡೆಲಿವರಿ ಆಗುತ್ತಿದ್ದದ್ದು ನನ್ನ ಬಿಸಿಬೇಳೆಬಾತ್ ಒಂದೇ.

ಅಂತೂ ನವರಾತ್ರಿಯ ಹೊತ್ತಿಗೆ ಯಂತ್ರ ಕೂತಿತು. ಸ್ಟಾರ್ಟ್ ಮಾಡೋಣವೆಂದು ನಾನು ಕೀ ತೆಗೆದುಕೊಂಡರೆ ಗಂಡ ತಡೆದರು. “ಆಯುಧಪೂಜೆ ನಾಡಿದ್ದೇ ಇದೆ. ಪೂಜೆ ಆಗ್ದೆ ಸ್ಟಾರ್ಟ್ ಮಾಡೋದಾ?” ವಾರಕ್ಕೊಮ್ಮೆ ದೇವರಿಗೆ ದೀಪ ಹಚ್ಚಲೂ ನೆನಪಿರದ ಭಕ್ತರು ಇವರು.

ಪೂಜೆಗೆ ನಮ್ಮ ಹಿಂದಿನ ಬೀದಿಯ ಅಂಕಲ್ ಬಂದರು. ಬಹಳ ಹಿಂದೆಯೇ ಅಮೆರಿಕಕ್ಕೆ ಬಂದು ನೆಲೆಸಿದ್ದ ಅವರೇ ನಮ್ಮ ಕಡೆಯವರಿಗೆಲ್ಲ ಬಿಟ್ಟಿ ಪುರೋಹಿತರು. ಬೂದುಗುಂಬಳಕ್ಕೆ ಬದಲು ಹ್ಯಾಲೊವೀನಿನ ಕಿತ್ತಳೆ ಕುಂಬಳಕಾಯಿ ತಂದಿದ್ದೆವು. ಬಾನೆಟ್ ಎತ್ತಿ ನಿಲ್ಲಿಸಿದರು. ಗಾಳಿ ಒಳಹೋಗುವ ಕೊಳವೆಯನ್ನು ಮಾತ್ರ ಇನ್ನೂ ಜೋಡಿಸಿರಲಿಲ್ಲ. ಅದನ್ನು ಹಾಕಿದರೆ ಸೂಪರ್‌ಚಾರ್ಜರ್ ಮರೆಯಾಗುತ್ತದಂತೆ, ದೇವರಿಗೂ ಫೋಟೋಗೂ ಪೂರ್ತಿ ಕಾಣಬೇಕಂತೆ. ಹಾಗಾಗಿ ಯಂತ್ರ ಬಾಯಿ ತೆರೆದುಕೊಂಡೇ ಇತ್ತು. ಅಂಕಲ್ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಅವರ ಮನೆಯ ಆಂಟಿ ಊರಿನಿಂದ ತಂದಿದ್ದ ಬಟ್ಟಲಡಿಕೆಯನ್ನು ವೀಳ್ಯದೆಲೆಯ ಮೇಲಿಟ್ಟು, ಆ ತಾಂಬೂಲವನ್ನು ಸರಿಯಾಗಿ ಆ ಬಾಯಿಯ ಮೇಲೆಯೇ ಇಟ್ಟರು. ಅಕ್ಷತೆ ಬಿತ್ತು, ಮಂಗಳಾರತಿ ಆಯಿತು, ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದೆವು. ಆಮೇಲೆ ಷಾರ್ಲಟ್ಟಿನವರು ಎಲೆ ತೆಗೆದು ಕೊಳವೆ ಜೋಡಿಸಿ ಬಿಗಿದರು. ಎಲೆಯ ಜೊತೆಗಿದ್ದ ಅಡಿಕೆ ಎಲ್ಲಿ ಎಂದು ಇಂಜಿನಿಯರಿಂಗ್ ಓದಿದ ಅಷ್ಟು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಹತ್ತಿಸಿಕೊಂಡು ಹೋಗಲು ಕ್ಲಚ್ಚು ಬರುವವಳು ನಾನೊಬ್ಬಳೇ, ನಾನೇ ಕೂತೆ. ಕೀ ತಿರುಗಿಸಿದೆ. ಕಿರ್ರೋ ಎಂದು ಒಂದು ಚೀತ್ಕಾರ, ಸುಟ್ಟ ರಬ್ಬರಿನ ವಾಸನೆ, ಫಟ್ ಎಂದು ಬೆಲ್ಟು ಹರಿದ ಸದ್ದು. ನಿಂಬೆಹಣ್ಣಿಗೆ ಒಂದು ಗೀರೂ ಬೀಳಲಿಲ್ಲ. ಅಂಕಲ್ ಮಾತ್ರ “ದೃಷ್ಟಿ ತಗುಲಿತ್ತು, ಈಗ ಹೋಯ್ತು ಬಿಡಿ,” ಎಂದು ಸಮಾಧಾನ ಹೇಳಿದರು.

ಅಡಿಕೆ ಪತ್ತೆಯಾಗಲು ಇನ್ನೂ ಕೆಲವು ಶನಿವಾರಗಳು ಬೇಕಾದವು. ಮೊದಲು ಬೇರಿಂಗ್ ಎಂದರು, ಆಮೇಲೆ ಬೆಲ್ಟಿನದೇ ದೋಷ ಎಂದರು. ಕೊನೆಗೆ ಯಂತ್ರ ಬಿಚ್ಚಿದಾಗ ಒಳಗೆ ತಿರುಗುವ, ಗೀರುಬಿದ್ದ ರೋಟರುಗಳ ನಡುವೆ ಕಂದು ಚೂರುಗಳು ಸಿಕ್ಕವು. ಕಾಗದದ ಮೇಲೆ ಹರಡಿಕೊಂಡು ಎಲ್ಲರೂ ಬಗ್ಗಿ ನೋಡಿದರು. “ಮೆಟಲ್ ಅಲ್ಲ, ವುಡ್ ಇದ್ದ ಹಾಗಿದೆ,” ಎಂದರೊಬ್ಬರು. ಕಾಫಿ ಕೊಡಲು ಹೋಗಿದ್ದ ನಾನು ಒಂದು ಚೂರನ್ನು ಮೂಸಿ ನೋಡಿದೆ.

“ಅಡಿಕೆ,” ಎಂದೆ. “ಸುಣ್ಣ ಬೇಕೇನ್ರೀ?”

ಯಾರೂ ನಗಲಿಲ್ಲ. ನನ್ನ ಗಂಡ ಚೂರುಗಳನ್ನು ಕಾಗದದಲ್ಲೇ ಮಡಚಿಟ್ಟು, “ಹೇಗಿದ್ರೂ ಹೊಸದು ಆರ್ಡರ್ ಮಾಡ್ಬೇಕು. ಇನ್ನೂ ದೊಡ್ಡ ಸೈಜಿಂದೇ ತರ್ಸೋಣ,” ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಗೆಳೆಯರ ಎದುರಿಗೇ ಹೇಳಿದೆ: “ನೋಡ್ರೀ, ಈ ಕಾರು ಬಂದಾಗ ಹೇಗಿತ್ತೋ ಹಾಗೇ ನಂಗೆ ವಾಪಸ್ ಬೇಕು, ಕ್ರಿಸ್‌ಮಸ್‌ಗೆ ಮುಂಚೆ. ಇಲ್ದಿದ್ರೆ ಜನವರಿಯಿಂದ ನಿಮ್ಮ ಆಟೋಮ್ಯಾಟಿಕ್ ನಾನು ತಗೊಂಡು ಹೋಗ್ತೀನಿ. ನೀವು ಇದ್ರಲ್ಲಿ ಆಫೀಸಿಗೆ ಹೋಗಿ.”

ತಿಂಗಳುಗಟ್ಟಲೆ ಕೂರಿಸಿದ್ದನ್ನು ಒಂದೇ ಶನಿವಾರದಲ್ಲಿ ಕಿತ್ತರು. ಹಳೆಯ ಬೆಲ್ಟು, ಹಳೆಯ ಕೊಳವೆ ಎಲ್ಲ ಸ್ವಸ್ಥಾನಕ್ಕೆ ಬಂದವು. ಅಂದು ಪ್ಲಾನೂ ಇರಲಿಲ್ಲ, ಮೀಟಿಂಗೂ ಇರಲಿಲ್ಲ.

ಕ್ಲಾಸು ಶುರುವಾಗುವ ಹಿಂದಿನ ಭಾನುವಾರ, ದಾರಿ ನೋಡಿಕೊಂಡು ಬರೋಣವೆಂದು ಹೊರಟೆ. “ಒಬ್ಳೇ ಬೇಡ,” ಎಂದು ಅವರೂ ಬಂದು ಕೂತರು. ಹೈವೇಗೆ ಹತ್ತಿಸುವ ರ‍್ಯಾಂಪಿನಲ್ಲಿ ಮೂರನೇ ಗೇರು ಹಾಕಿ ಒತ್ತಿದೆ, ಕಾರು ಕುಣಿದುಕೊಂಡು ಹೋಯಿತು. ಕನ್ನಡಿಯಲ್ಲಿ, ಅವರು ಹೇಳುತ್ತಿದ್ದಂಥದೇ ಒಂದು ಟ್ರಕ್ಕು ಕಂಡಿತು. ಸಿಗ್ನಲ್ ಹಾಕಿದೆ. ಅವನು ಚೂರು ನಿಧಾನ ಮಾಡಿ ಜಾಗ ಬಿಟ್ಟ, ನಾನು ಸೇರಿಕೊಂಡೆ. ಅಷ್ಟೇ. ಇಷ್ಟಕ್ಕೆ ಒಂದು ಬೇಸಿಗೆ ಬೇಕಾಯಿತೇ ಎಂದು ಚುಚ್ಚೋಣವೆಂದು ಪಕ್ಕಕ್ಕೆ ತಿರುಗಿದೆ.

ಅವರು ಕಣ್ಣು ಮುಚ್ಚಿಕೊಂಡಿದ್ದರು. ಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಆಯ್ತಾ?” ಎಂದರು.

“ಆಯ್ತು.”

ಆಗ ನನಗೆ ಅರ್ಥವಾಯಿತು. ಟೋಲು ದಂಡ ಎಂದು, ಟ್ರಾಫಿಕ್ಕು ಎಂದು, ಒಳದಾರಿಯಲ್ಲಿ ಮರಗಿಡ ಚೆನ್ನಾಗಿವೆ ಎಂದು ಹೇಳಿ, ದೇವಸ್ಥಾನಕ್ಕೂ ದಿನಸಿಗೂ ಅವರು ನನ್ನನ್ನು ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳಿಸಿಕೊಂಡು ಹೋಗುತ್ತಿದ್ದರು. ನಾನದನ್ನು ಜಿಪುಣತನವೆಂದೇ ತಿಳಿದು ಆಡಿಕೊಳ್ಳುತ್ತಿದ್ದೆ.

“ಬಂದ ಹೊಸದ್ರಲ್ಲಿ ಒಂದ್ಸಲ ಒಬ್ನೇ ಹತ್ತಿದ್ದೆ ಕಣೆ,” ಎಂದರು, ಕಣ್ಣು ಬಿಡದೆಯೇ. “ಯಾರೂ ಜಾಗ ಬಿಡ್ಲಿಲ್ಲ. ರ‍್ಯಾಂಪ್ ಕೊನೇಲಿ ನಿಂತ್ಬಿಟ್ಟೆ. ಹಿಂದೆ ಎಲ್ರೂ ಹಾರ್ನ್ ಹೊಡೀತಾ ಇದ್ರು. ಪೊಲೀಸ್ ಬಂದು ದಾರಿ ಮಾಡಿಕೊಡೋವರ್ಗೂ ಅಲ್ಲೇ ಕೂತಿದ್ದೆ. ಪವರ್ ಇದ್ದಿದ್ರೆ ಹೋಗ್ಬಹುದಿತ್ತೇನೋ ಅಂತ. ನಿಂಗೆ ಹಾಗಾಗ್ಬಾರ್ದು ಅಂತ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲಕ್ಕೇ ಸೂಪರ್‌ಚಾರ್ಜರ್ ಹಾಕಲು ಹೊರಟಿದ್ದರು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಕೂತು ನಾನು ಕಂಡದ್ದಾದರೂ ಏನು?

“ಹೆದರಿಕೆ ಆಗತ್ತೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವೇನ್ರೀ?”

ಯೂನಿವರ್ಸಿಟಿ ನೋಡಿಕೊಂಡು, ಕಾರು ನಿಲ್ಲಿಸುವ ಜಾಗ ಯಾವುದೆಂದು ವಿಚಾರಿಸಿಕೊಂಡು, ಇಬ್ಬರೂ ಕಾಫಿ ಕುಡಿದು ಮತ್ತೆ ಕಾರು ಹತ್ತಿದೆವು.

“ಹೋಗ್ತಾ ಒಳದಾರೀಲಿ ಹೋಗೋಣ್ವಾ?” ಎಂದು ಮೆಲ್ಲಗೆ ಕೇಳಿದರು.

“ಬೇಡ. ಕಣ್ಣು ಬಿಟ್ಕೊಂಡು ಕೂತ್ಕೊಳ್ಳಿ. ನಾನು ಹೇಗೆ ಸೇರ್ಕೋತೀನಿ ನೋಡಿ. ಮುಂದಿನ ವಾರ ನೀವು ಓಡ್ಸೋದು, ನಾನು ಪಕ್ಕದಲ್ಲಿ ಕೂತಿರ್ತೀನಿ.”

ರ‍್ಯಾಂಪ್ ಬಂತು. ಅವರು ಕಣ್ಣು ಮುಚ್ಚಲಿಲ್ಲ.